ಹೀಲರ್ ನಿಲ್ಲುವ ಜಾಗ

"ಬೆನ್ನಿಗೆ ಇನ್ನೊಂದು ದಿಂಬು ಕೊಡೇ ಪೂಜಾ, ವಾಲ್ತಾವ್ಳೆ," ಎಂದಳು ಸುಂದ್ರಮ್ಮತ್ತೆ.

ಪೂಜಾ ಗೋಡೆಗೂ ಅಮ್ಮನ ಬೆನ್ನಿಗೂ ನಡುವೆ ದಿಂಬು ತುರುಕಿದಳು. ಪ್ರಮೀಳಾಳನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೂ ತೋಳಿಗೂ ವಿಭೂತಿ ಬಳಿದಿದ್ದರು. ನಿನ್ನೆ ಬೆಳಗ್ಗೆ ಹೊಲಿಗೆ ಮಿಷನ್ನಿನ ಮೇಲೆಯೇ ಬಾಗಿ ಬಿದ್ದವಳು, ಪಿರಿಯಾಪಟ್ಟಣದ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟಿದ್ದಳು. ನಲವತ್ತೇಳು ವರ್ಷ. ಕಂಪಲಾಪುರದ ಅರ್ಧ ಹೆಂಗಸರ ರವಿಕೆಯ ಅಳತೆ ಅವಳ ಬಾಯಲ್ಲೇ ಇತ್ತು. ಬಂದವರಲ್ಲಿ ಹಲವರು ಅವಳು ಹೊಲಿದದ್ದನ್ನೇ ತೊಟ್ಟು ಅಳುತ್ತಿದ್ದರು.

ಅಂಗಳದಲ್ಲಿ ಬೈಕೊಂದು ನಿಂತಿತು. ಹಾರ ಹಿಡಿದು ಬಂದವನಿಗೆ ನಲವತ್ತರ ಆಸುಪಾಸು. ಮುಂಗೈ ತುಂಬ ಕಿಡಿ ಹಾರಿ ಸುಟ್ಟ ಕಲೆಗಳು. ಹಾರವನ್ನು ಪ್ರಮೀಳಾಳ ಪಾದದ ಬಳಿ ಇಟ್ಟವನೇ "ಅಕ್ಕಾ..." ಎಂದು ಕುಸಿದು ಕುಳಿತ.

"ಯಾರಪ್ಪ ನೀನು?" ಪೂಜಾಳ ತಂದೆ ವಿರೂಪಾಕ್ಷ ಕೇಳಿದ.

"ಹಂಪಾಪುರ ಅಣ್ಣ. ಮಹೇಶ್ಕುಮಾರ್ ಅಂತ. ವೆಲ್ಡಿಂಗ್ ಅಂಗಡಿ ಐತೆ."

"ನಮ್ಮೋಳು ನಿಂಗೆಂಗೆ ಗೊತ್ತು?"

ಅವನು ಪೂಜಾಳ ಕಡೆ ನೋಡಿದ. "ಫೋನಲ್ಲಿ."

ಪಡಸಾಲೆಯ ಅಳು ಥಟ್ಟನೆ ತಗ್ಗಿತು. "ನಾನು ಯೋಳ್ಳಿಲ್ವಾ," ಎಂದಳು ಸುಂದ್ರಮ್ಮ, ಎಲ್ಲರಿಗೂ ಕೇಳುವಂತೆ. "ಕಿವೀಗೆ ವಯರ್ ಸಿಕ್ಕುಸ್ಕಂಡು ಮದ್ಯಾನ್ನವೆಲ್ಲ ಮಾತಾಡಾಳು. ಯಾರ್ ಜೊತೆ ಅಂತ ಈಗ ಗೊತ್ತಾಯ್ತು ಬುಡು."

ವಿರೂಪಾಕ್ಷ ತುಟಿ ಬಿಗಿದು ಹೊರಗೆ ಎದ್ದುಹೋದ. ಮಹೇಶ್ಕುಮಾರನ ದನಿಯನ್ನು ಪೂಜಾ ಮೂರು ವರ್ಷದಿಂದ ಕೇಳುತ್ತಿದ್ದಳು; ಮುಖ ಕಂಡಿದ್ದು ಇವತ್ತೇ. ಭಾನುವಾರ ನಡೆದದ್ದನ್ನು ಅವನೂ ಕೇಳಿಸಿಕೊಂಡಿದ್ದ.

* * *

ಮೂರು ವರ್ಷದ ಹಿಂದೆ ಅಮ್ಮನಿಗೆ ಫೋನಿನ ಗೇಮು ಕಲಿಸಿದ್ದು ಪೂಜಾಳೇ; ಬೇರೆ ಬೇರೆ ಊರಿನವರು ಟೀಮು ಕಟ್ಟಿ, ಕಿವಿಗೆ ವಯರ್ ಹಾಕಿಕೊಂಡು ಮಾತಾಡುತ್ತ ಆಡುವಂಥದ್ದು. ಹುಣಸೂರಿನ ಕಾಲೇಜಿಗೆ ರಜೆ ಇದ್ದಾಗ, ಬೇಜಾರು ಕಳೆಯಲೆಂದು ಅಮ್ಮನ ಫೋನಿಗೂ ಹಾಕಿಕೊಟ್ಟಿದ್ದಳು. ಪ್ರಮೀಳಾ ಆಟದಲ್ಲಿ ಮೊದಲು ಕತ್ತಿ ಹಿಡಿದಳು. ಗುಹೆಯ ಬಾಗಿಲಲ್ಲೇ ನಾಲ್ಕು ಸಲ ಸತ್ತಳು.

"ನಂಗೆ ಹೊಡೆಯೋದು ಬರಲ್ಲ ಕಣೇ. ಬ್ಯಾರೆ ಏನಾದ್ರೂ ಕೆಲಸ ಕೊಡು."

ಆಗ ಹೀಲರ್ ಆದಳು. ಏಟು ತಿಂದವರಿಗೆ ಜೀವ ತುಂಬುವುದೇ ಕೆಲಸ. ಮುಂದೆ ನಿಂತು ಏಟು ತಿನ್ನುವ ಟ್ಯಾಂಕ್ ಹಂಪಾಪುರದ ಮಹೇಶ್ಕುಮಾರ್. ಪೂಜಾ ಬಿಲ್ಲುಗಾತಿ, ಟೀಮಿನ ಯಜಮಾನಿಯೂ ಅವಳೇ. ನಾಲ್ಕನೆಯವಳು ಕೆ.ಆರ್. ನಗರದ ಒಬ್ಬ ಹುಡುಗಿ.

ತಿಂಗಳೊಪ್ಪತ್ತಿನಲ್ಲಿ ಪ್ರಮೀಳಾಳೇ ಎಲ್ಲರಿಗೂ ಬುದ್ಧಿ ಹೇಳತೊಡಗಿದಳು. "ಮೊದ್ಲು ಮಹೇಶಪ್ಪ ಹೊಡೀಲಿ. ಮೃಗ ಅವನ್ನ ನೋಡೋಗಂಟ ಯಾರೂ ಬಾಣ ಬುಡ್ಬೇಡಿ. ನಾನೂ ಅವಸರಕ್ಕೆ ಜೀವ ತುಂಬಿದ್ರೆ ಅದು ನನ್ನ ಕಡೆ ತಿರುಗ್ತದೆ." ಮಧ್ಯಾಹ್ನ ಕತ್ತರಿಸಿದ ಬಟ್ಟೆ ಮಡಿಲಲ್ಲಿರುತ್ತಿತ್ತು, ಕಣ್ಣು ಫೋನಿನ ಮೇಲೆ, ತುಟಿಯಲ್ಲಿ ನಗು. ಹಾಗೆ ನಗುವ ಅಮ್ಮನನ್ನು ಪೂಜಾ ಅದಕ್ಕೆ ಮೊದಲು ನೋಡಿರಲಿಲ್ಲ.

* * *

ವಿರೂಪಾಕ್ಷ ಅಂಗಳದ ಮೂಲೆಯಲ್ಲಿ, ನೀರಿನ ತೊಟ್ಟಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತಿದ್ದ. ಮಹೇಶ್ಕುಮಾರ್ ಬೈಕಿನ ಕಡೆ ಹೊರಟಿದ್ದ. ಪೂಜಾ ಅವನ ಅಂಗಿ ಹಿಡಿದು ನಿಲ್ಲಿಸಿದಳು.

"ಅಪ್ಪಾಜಿ, ಇವ್ರು ನಮ್ಮ ಟೀಮು. ಅಮ್ಮನೂ ನಾನೂ ಆಡ್ತಿದ್ವಲ್ಲ, ಆ ಗೇಮಿಂದು. ನಾನೂ ಜೊತೇಲೇ ಇರ್ತಿದ್ದೆ. ಅತ್ತೆ ಅನ್ನೋ ಹಂಗೆ ಏನೂ ಇಲ್ಲ."

"ಇವ್ನಿಗೆ ಯಾರು ಯೋಳಿದ್ದು?"

"ನಾನೇ, ನೆನ್ನೆ ಮೆಸೇಜ್ ಹಾಕ್ದೆ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಮಹೇಶ್ಕುಮಾರ್ ತಲೆ ತಗ್ಗಿಸಿದ್ದ. ಭಾನುವಾರದ ವಿಷಯ ಅವನು ಬಾಯಿ ಬಿಡುವವನಲ್ಲ ಎಂದು ಅವಳಿಗೆ ಆಗಲೇ ತಿಳಿದುಹೋಗಿತ್ತು.

* * *

ಭಾನುವಾರ ಆಟದ ಏಳನೆಯ ಗುಹೆಯ ಡ್ರ್ಯಾಗನನ್ನು ಕೊಲ್ಲುವ ದಿನ. ಮೂರು ವಾರದಿಂದ ಕಾದಿದ್ದ ಪಂದ್ಯ. ಅಮ್ಮ ಒಳಕೋಣೆಯಲ್ಲಿ, ಪೂಜಾ ಪಡಸಾಲೆಯಲ್ಲಿ. ಗೆಲ್ಲಲು ಇನ್ನೇನು ಒಂದೆರಡು ಏಟು ಉಳಿದಿತ್ತು. ಮಹೇಶ್ಕುಮಾರನ ಜೀವ ಇಳಿಯುತ್ತಿತ್ತು, ಅಮ್ಮನ ಕಡೆಯಿಂದ ಏನೂ ಬರಲಿಲ್ಲ.

"ಅಮ್ಮಾ, ಹೀಲ್ ಮಾಡು!"

"ಎಡಗೈ ಜೋಮು ಹಿಡಿದೈತೆ ಕಣೇ, ಬೆರಳು ಆಡ್ತಿಲ್ಲ..."

ಟ್ಯಾಂಕ್ ಬಿದ್ದ. ಉಳಿದವರೂ ಸತ್ತರು. "ನಿನ್ ಕೈಲಿ ಆಗಲ್ಲ ಬುಡಮ್ಮ," ಎಂದು ಟೀಮಿನವರಿಗೆಲ್ಲ ಕೇಳುವಂತೆ ಕಿರುಚಿ, ಪೂಜಾ ಅಮ್ಮನ ಹೆಸರನ್ನು ಟೀಮಿನಿಂದ ತೆಗೆದುಹಾಕಿದಳು. ಒಂದು ಬಟನ್ ಒತ್ತಿದರೆ ಸಾಕಿತ್ತು.

ಸ್ವಲ್ಪ ಹೊತ್ತಿಗೆ ಒಳಕೋಣೆಯಿಂದ ಮಿಷನ್ನಿನ ಸದ್ದು ಶುರುವಾಯಿತು. ಸೋಮವಾರ ಇಬ್ಬರೂ ಊಟ ತಿಂಡಿಯ ಮಾತಷ್ಟೇ ಆಡಿದರು. ಮಂಗಳವಾರವೂ ಹಾಗೆಯೇ. ಬುಧವಾರ ಮಿಷನ್ನು ನಿಂತಿತು.

* * *

"ಭಾನುವಾರ ಕೈ ಜೋಮು ಅಂದ್ಲು ಅಪ್ಪಾಜಿ," ಎಂದಳು ಪೂಜಾ. "ಎಡಗೈ. ನಾನು ಬೈದು ಟೀಮಿಂದ ತೆಗ್ದುಬಿಟ್ಟೆ. ನಿಮ್ಗೆ ಹೇಳಲಿಲ್ಲ."

"ನಾನೂ ಕೇಳಿಸ್ಕಂಡೆ ಅಣ್ಣ," ಎಂದ ಮಹೇಶ್ಕುಮಾರ್. "ಡಾಕ್ಟ್ರತ್ರ ಓಗಕ್ಕ ಅನ್ನಬೋದಿತ್ತು. ಅನ್ನಲಿಲ್ಲ."

ವಿರೂಪಾಕ್ಷ ಮಗಳ ಮುಖ ನೋಡಲಿಲ್ಲ. ಬೀದಿಯಲ್ಲಿ ತಮಟೆಯವರು ಚರ್ಮ ಕಾಯಿಸುತ್ತಿದ್ದರು. ವಿರೂಪಾಕ್ಷ ನೆಲದಿಂದ ತೆಂಗಿನ ಕಡ್ಡಿಯೊಂದನ್ನು ಎತ್ತಿ ಮಹೇಶ್ಕುಮಾರನ ಕೈಗೆ ಕೊಟ್ಟ.

"ಆ ಆಟದಾಗೆ ಅವ್ಳು ಎಲ್ಲಿ ನಿಂತ್ಕತಿದ್ಲು? ತೋರ್ಸು."

ಮಹೇಶ್ಕುಮಾರ್ ಬೀದಿಗೆ ಹೋಗುವ ದಾರಿಯ ಮಣ್ಣಿನ ಮೇಲೆಯೇ ಗೆರೆ ಎಳೆದ. "ಇದು ಡ್ರ್ಯಾಗನ್. ಎದುರಿಗೆ ನಾನು. ಆ ಕಡೆ ಪೂಜಾ, ಈ ಕಡೆ ಇನ್ನೊಂದು ಹುಡುಗಿ." ಕಡ್ಡಿ ಹಿಂದೆ ಸರಿದು ಒಂದು ಸಣ್ಣ ಸುತ್ತು ಹಾಕಿತು. "ಅಕ್ಕ ಇಲ್ಲಿ. ಇಲ್ಲಿಂದ ನಾವು ಮೂರೂ ಜನ ಅವ್ರ ಕಣ್ಣಿಗೆ ಬೀಳ್ತೀವಿ."

"ಅವ್ಳ ಹಿಂದ್ಕೆ?"

"ಯಾರೂ ಇರಾಕಿಲ್ಲ ಅಣ್ಣ."

ಒಳಗಿನಿಂದ ಕೂಗು ಎದ್ದಿತು. ಪ್ರಮೀಳಾಳನ್ನು ವಿಮಾನದಂತೆ ಕಟ್ಟಿದ ಬಿದಿರಿನ ಚಟ್ಟದಲ್ಲಿ ಕೂರಿಸಿ, ನಾಲ್ವರು ಹೆಗಲು ಕೊಟ್ಟು ಬಾಗಿಲು ದಾಟಿಸಿದರು. ವಿರೂಪಾಕ್ಷ ಎದ್ದವನು ಎರಡೂ ಕೈ ಚಾಚಿ ಅವರನ್ನು ತಡೆದ.

"ಆ ಕಡೆಯಿಂದ ಬನ್ರಪ್ಪ."

ಹೊತ್ತವರು ತೊಟ್ಟಿಯ ಗೋಡೆಗೆ ಮೈ ಒತ್ತಿಕೊಂಡು, ಒಬ್ಬರ ಕಾಲನ್ನೊಬ್ಬರು ನೋಡುತ್ತ, ಮಣ್ಣಿನ ಗೆರೆಗಳನ್ನು ಸುತ್ತಿ ಅವಳನ್ನು ಬೀದಿಗೆ ಇಳಿಸಿದರು.