ಅತ್ತೆಗೆ ಐದು ಗುದ್ದು

ಅತ್ತೆ ಸುಮ್ಮನಾದರು. ಸೊಸೆಗೆ ಮೊದಲು ಗೊತ್ತಾದದ್ದು ಅಷ್ಟೇ.

ಭಾನುವಾರದ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ನಲ್ಲಿಯ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ಬೆನ್ನ ಹಿಂದೆ ಅತ್ತೆ ಮೇಜಿಗೆ ಮೊಣಕೈ ಊರಿ ಸೇಬು ತಿನ್ನುತ್ತ, ಎದುರು ಮನೆಯವರು ಗೋಡೆಗೆ ಹೊಡೆಸಿದ ಹೊಸ ಬಣ್ಣದ ವಿಚಾರಣೆ ನಡೆಸಿದ್ದರು. ಮೂವತ್ತೊಂದು ವರ್ಷ ಟೆಲಿಫೋನ್ ಕಚೇರಿಯಲ್ಲಿ ಊರವರ ಮಾತಿಗೆಲ್ಲ ತಂತಿ ಜೋಡಿಸಿ ಕೊಟ್ಟ ಹೆಂಗಸು. ಅಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಅಮ್ಮ ಈಗ ಸೇಡು ತೀರಿಸಿಕೊಳ್ಳುತ್ತಿದ್ದಾಳೆ ಎಂದು ಮಗನೇ ತಮಾಷೆ ಮಾಡುತ್ತಿದ್ದ.

"ಹಸಿರು ಅಂದ್ರೆ ಎಂಥಾ ಹಸಿರು ಅಂತೀಯ, ಪಾಚಿ ಕಟ್ಟಿದ..."

ಹೂಂಗುಟ್ಟಲು ಸಿದ್ಧಳಾಗಿ ಸೊಸೆ ಕಾದಳು. ಮುಂದಿನ ಮಾತು ಬರಲಿಲ್ಲ. ಮದುವೆಯಾಗಿ ಬಂದ ಈ ಆರು ವರ್ಷದಲ್ಲಿ ಅತ್ತೆ ಒಂದು ವಾಕ್ಯವನ್ನು ಅರ್ಧಕ್ಕೆ ಬಿಟ್ಟದ್ದನ್ನು ಅವಳು ಕೇಳಿರಲಿಲ್ಲ. ತಿರುಗಿ ನೋಡಿದಳು.

ಅತ್ತೆ ಎದ್ದು ನಿಂತಿದ್ದರು. ಎರಡೂ ಕೈ ಕುತ್ತಿಗೆಯ ಮೇಲಿದ್ದವು. ಬಾಯಿ ತೆರೆದಿತ್ತು, ಕೆಮ್ಮಿಲ್ಲ, ಸದ್ದಿಲ್ಲ.

"ಅತ್ತೆ, ಗಂಟಲಿಗೆ ಸಿಕ್ಕೊಂಡಿದ್ಯಾ? ಕೆಮ್ಮೋಕೂ ಆಗ್ತಿಲ್ವಾ?"

ಅವರು ಕಣ್ಣಗಲಿಸಿ ತಲೆಯಾಡಿಸಿದರು. ತುಟಿಯ ಬಣ್ಣ ಕಂದುತ್ತಿತ್ತು.

ಸೊಸೆ ಚಪ್ಪಲಿ ಕಾರ್ಖಾನೆಯಲ್ಲಿ ಹೊಲಿಗೆಯವಳು. ಎರಡು ತಿಂಗಳ ಹಿಂದೆ, ಪ್ರಥಮ ಚಿಕಿತ್ಸೆ ಕಲಿಯಲು ಯಾರು ಬರುತ್ತೀರಿ ಎಂದು ಮೇಲ್ವಿಚಾರಕ ಕೇಳಿದಾಗ ಸಾಲಿಗೆ ಸಾಲೇ ತಲೆ ತಗ್ಗಿಸಿತ್ತು. ತಗ್ಗಿಸುವುದು ತಡವಾಗಿ ಇವಳೊಬ್ಬಳು ಸಿಕ್ಕಿಬಿದ್ದಿದ್ದಳು. ರಬ್ಬರ್ ಗೊಂಬೆಯ ಬೆನ್ನಿಗೆ ಇವಳು ಮೆಲ್ಲಗೆ ತಟ್ಟಿದಾಗ ಕಲಿಸಲು ಬಂದ ನರ್ಸ್, "ಏನಮ್ಮ, ಧೂಳು ಕೊಡವ್ತಿದೀಯಾ?" ಎಂದು ಗದರಿದ್ದಳು.

ಆದರೆ ಇದು ಗೊಂಬೆಯ ಬೆನ್ನಲ್ಲ. ಲೋಟ ಕೊಡುವಾಗ ಬೆರಳು ತಾಕಿದ್ದು ಬಿಟ್ಟರೆ ಅವಳು ಅತ್ತೆಯ ಮೈ ಮುಟ್ಟಿದವಳೇ ಅಲ್ಲ. ಜಗಳವೇನಿರಲಿಲ್ಲ, ಸಲಿಗೆ ಬೆಳೆದಿರಲಿಲ್ಲ, ಅಷ್ಟೇ. ಆ ಒಂದು ಕ್ಷಣ ಕೈ ಮೇಲೇಳಲಿಲ್ಲ. ಮರುಕ್ಷಣ ಸಾಬೂನಿನ ನೊರೆ ಹತ್ತಿದ್ದ ಎಡಗೈ ಅತ್ತೆಯ ಎದೆಗೆ ಆಸರೆ ಕೊಟ್ಟು ಅವರನ್ನು ಮುಂದಕ್ಕೆ ಬಗ್ಗಿಸಿತು. ಬಲ ಅಂಗೈಯ ಬುಡದಿಂದ ಎರಡು ಭುಜಗಳ ನಡುವೆ ಹೊಡೆದಳು. ಒಂದು. ಎರಡು. ಮೂರು.

ಸದ್ದು ಕೇಳಿ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ಗಂಡ ಓಡಿಬಂದ. ಹೆಂಡತಿ ಅವನ ತಾಯಿಯ ಬೆನ್ನಿಗೆ ಗುದ್ದುತ್ತಿದ್ದಳು. "ಏಯ್, ಏನ್ ಮಾಡ್ತಿದೀಯ?"

"ಉಸಿರು ಕಟ್ಟಿದೆ. ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ."

ನಾಲ್ಕು. ಐದು. ಏನೂ ಬರಲಿಲ್ಲ. ಅತ್ತೆಯ ಮೊಣಕಾಲು ಸಡಿಲವಾಗುತ್ತಿತ್ತು. ಸೊಸೆ ಹಿಂದಿನಿಂದ ಅವರ ನಡು ಬಳಸಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿಯಿಟ್ಟು, ಇನ್ನೊಂದು ಕೈಯಿಂದ ಅದನ್ನು ಹಿಡಿದು ಒಳಕ್ಕೂ ಮೇಲಕ್ಕೂ ಎಳೆದಳು. ಮೂರನೆಯ ಸಲಕ್ಕೆ ಸೇಬಿನ ಹೋಳು ಹಾರಿಬಂತು, ಜೊತೆಗೆ ಮೇಲಿನ ಹಲ್ಲಿನ ಸೆಟ್ಟೂ. ಎರಡೂ ಮೇಜಿನ ಕೆಳಗೆ ಹೋಗಿ ಬಿದ್ದವು.

ಅತ್ತೆ ಕುಕ್ಕರು ಕೂಗಿದಂತೆ ಉಸಿರೆಳೆದುಕೊಂಡರು. ಕೆಮ್ಮಿದರು. ಕಣ್ಣೀರು ಒರೆಸಿಕೊಂಡರು. ಆಮೇಲೆ ಬೊಚ್ಚು ಬಾಯಲ್ಲೇ, "ಪಾಚಿ ಕಟ್ಟಿದ ತೊಟ್ಟಿ ಥರಾ ಇದೆ," ಎಂದು ವಾಕ್ಯ ಮುಗಿಸಿದರು.

ಮಗ ಫೋನು ಹಿಡಿದುಕೊಂಡೇ ನೆಲದ ಮೇಲೆ ಕುಕ್ಕರಿಸಿ ಅತ್ತ.

ಹೊಟ್ಟೆ ಒತ್ತಿದ ಮೇಲೆ ಚೆನ್ನಾಗಿ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು ಎಂದು ನರ್ಸ್ ಹೇಳಿದ್ದಳು. ನನಗೇನಾಗಿದೆ ಎಂಬ ಅತ್ತೆಯ ವಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಸ್ಪತ್ರೆಯ ಡಾಕ್ಟರಮ್ಮ ಬೆನ್ನಿನ ಕೆಂಪು ಗುರುತು ನೋಡಿ, "ಯಾರು ಹೊಡೆದಿದ್ದು?" ಎಂದರು.

"ಸೊಸೆ," ಎಂದರು ಅತ್ತೆ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಸೊಸೆ ಬೆವತಳು. ಅತ್ತೆ ಅವಸರ ಮಾಡಲಿಲ್ಲ, ಆ ಮೌನವನ್ನು ಚೆನ್ನಾಗಿ ಅನುಭವಿಸಿದ ಮೇಲೆಯೇ, "ಬೆನ್ನಿಗೆ ಐದು, ಹೊಟ್ಟೆಗೆ ಮೂರು. ಸೇಬು ಸಿಕ್ಕೊಂಡಿತ್ತು," ಎಂದು ಬಿಡಿಸಿ ಹೇಳಿದರು.

"ಹೊಡೀದೆ ಇದ್ದಿದ್ರೆ ನೀವಿಲ್ಲಿ ಕೂತು ಚಾಡಿ ಹೇಳೋಕೆ ಆಗ್ತಿರಲಿಲ್ಲ. ಹಲ್ಲು ಸಡಿಲ ಇದೆ, ಸರಿಮಾಡಿಸಿ. ಹಣ್ಣು ಸಣ್ಣಗೆ ಹೆಚ್ಚಿಕೊಳ್ಳಿ. ಬಾಯಲ್ಲಿ ತುತ್ತಿದ್ದಾಗ ಮಾತು ಬೇಡ."

"ಮೊದಲಿನ ಎರಡು ಆಗುತ್ತೆ," ಎಂದರು ಅತ್ತೆ.

ಮನೆಗೆ ಬಂದ ಅರ್ಧ ಗಂಟೆಯಲ್ಲಿ ಸೊಸೆ ಹೊಡೆದ ಸುದ್ದಿ ಬೀದಿಗೆಲ್ಲ ಹಬ್ಬಿತು. ಬೆನ್ನು ತೋರಿಸುವುದೊಂದು ಬಾಕಿ. ಹಾಲು ಕಾಯಲಿಟ್ಟು ಬಾಗಿಲಾಚೆ ಅತ್ತೆಯ ಮಾತು ಕೇಳುತ್ತಿದ್ದ ಸೊಸೆ ಸಕ್ಕರೆಯ ಡಬ್ಬಿಗೆ ಕೈ ಹಾಕಿದಳು. ಮುಚ್ಚಳ ತೆರೆಯಲೂ ಆಗಲಿಲ್ಲ. ಬೆನ್ನಿಗೆ ಐದು ಹೊಡೆದಾದ ಮೇಲೆ ಅತ್ತೆ ತನ್ನ ತೋಳಿನೊಳಗೆ ಭಾರವಾಗಿದ್ದು ಈಗ ನೆನಪಾಯಿತು.

ಅತ್ತೆ ಯಾವಾಗ ಒಳಗೆ ಬಂದರೋ. ಡಬ್ಬಿ ತೆಗೆದುಕೊಂಡು ಮುಚ್ಚಳ ಬಿಚ್ಚಿ ಪಕ್ಕಕ್ಕಿಟ್ಟರು.

"ನಂಗೂ ಕಲಿಸು."

"ಏನನ್ನ?"

"ನಾಳೆ ನಿಂಗೇ ಸಿಕ್ಕೊಂಡ್ರೆ? ನಾನೇನು ಪಕ್ಕದಲ್ಲಿ ಕೂತು ಮಾತಾಡ್ತಿರ್ಲಾ? ತಿರುಗಿ ನಿಂತ್ಕೋ."

ಸೊಸೆ ತಿರುಗಿ ನಿಂತಳು. "ಒತ್ತಬಾರದು ಅತ್ತೆ. ಚೆನ್ನಾಗಿರೋರಿಗೆ ಒತ್ತಿದ್ರೆ ಪೆಟ್ಟಾಗತ್ತೆ. ಸುಮ್ನೆ ಹಿಡ್ಕೊಂಡು ತೋರ್ಸಿ."

ಗಿಡ್ಡ ಹೆಂಗಸು, ಹಣೆ ಅವಳ ಬೆನ್ನಿನ ನಡುವಿಗೆ ಬಂತು. ಎರಡು ಕೈ ನಡುವನ್ನು ಸುತ್ತಿ ಮುಂದೆ ತಡಕಾಡಿದವು.

"ಇಲ್ಲೇನಾ?"

"ಒಂಚೂರು ಮೇಲೆ. ಹೂಂ, ಅಲ್ಲೇ."

ಅಲ್ಲಿಗೆ ಪಾಠ ಮುಗಿದಿತ್ತು. ಅತ್ತೆ ಮಾತಾಡಲಿಲ್ಲ, ಕೈಯನ್ನೂ ಬಿಡಲಿಲ್ಲ. ಒಲೆಯ ಮೇಲೆ ಹಾಲು ಪಾತ್ರೆಯ ಅಂಚಿಗೆ ಬಂದಿತ್ತು. ಸೊಸೆ ನಿಂತ ಜಾಗದಿಂದ ಕದಲದೆ ಕೈ ಚಾಚಿ ಉರಿ ಸಣ್ಣ ಮಾಡಿದಳು.