ಸಿಗರೇಟು ಮಾರದ ಅಂಗಡಿ

ನಾರಾಯಣಪುರದ ನನ್ನ ಕಿರಾಣಿ ಅಂಗಡಿಯಲ್ಲಿ ಬೀಡಿ, ಸಿಗರೇಟು, ಗುಟ್ಕಾ ಸಿಗುವುದಿಲ್ಲ. ನನ್ನ ಹೆಂಡತಿ ಮೀರಾಬಾಯಿಯ ಅಣ್ಣ ಅಂಬಾದಾಸ ತಂಬಾಕು ತಿಂದು ತಿಂದು ಬಾಯಿ ಕ್ಯಾನ್ಸರಾಗಿ, ಕೊನೆಗೆ ನೀರೂ ನುಂಗಲಾರದೆ ಸತ್ತ. ಅಂದಿನಿಂದ ಇದು ನಮ್ಮ ಮನೆಯ ಕಟ್ಟಳೆ. ತಂಬಾಕು ಮಾರಿದ ದುಡ್ಡಿನಿಂದ ತಂದ ಜೋಳದ ಹಿಟ್ಟನ್ನು ಅವಳು ನಾದುವುದಿಲ್ಲ. ಗಿರಾಕಿಗಳು ಮುಂದಿನ ಅಂಗಡಿಗೆ ಹೋದರು. ಹೋಗಲಿ ಎಂದೆ.

ಅವಳು ಹುಮನಾಬಾದಿನ ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವಳು. ಪಿಂಚಣಿಗೆಂದು ಪ್ರತಿ ತಿಂಗಳು ಅವಳ ಪಗಾರದಲ್ಲಿ ಹಣ ಮುರಿದುಕೊಳ್ಳುತ್ತಾರೆ. ಆ ಹಣವನ್ನು ಎಲ್ಲೆಲ್ಲಿ ಹಾಕಿದ್ದಾರೆ ಎಂದು ಮಗಳು ಸಾಕ್ಷಿ ಮೊಬೈಲಿನಲ್ಲಿ ಪಟ್ಟಿ ತೆಗೆದು ಓದಿದಳು. ಬ್ಯಾಂಕು, ಸಿಮೆಂಟು, ಆಮೇಲೆ ಒಂದು ಸಿಗರೇಟು ಕಂಪನಿ. ಮೀರಾಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಅದರಾಗಿಂದ ನನ್ನ ರೊಕ್ಕ ತಗಸ್ರಿ. ಇಲ್ಲಂದ್ರ ಆ ಪಿಂಚಣಿ ನಾ ಮುಟ್ಟಂಗಿಲ್ಲ."

ಮರುದಿನ ಇಬ್ಬರೂ ಅರ್ಜಿ ಹಿಡಿದು, ಅವಳ ಪಗಾರ ಮಾಡುವ ಹುಮನಾಬಾದಿನ ಕಚೇರಿಗೆ ಹೋದೆವು. ಗುಮಾಸ್ತ ಇರ್ಫಾನ ನಮ್ಮ ಅರ್ಜಿ ಓದಿ ತಿರುಗಿ ಕೊಟ್ಟ.

"ಇದು ಆಗಂಗಿಲ್ಲ ಕಾಕಾ. ಎಲ್ಲಿ ಹಾಕಬೇಕಂತ ಮ್ಯಾಲಿನವರು ನೋಡ್ತಾರ. ಈ ಕಂಪನಿ ಬ್ಯಾಡ ಅಂತ ಬರಿಯಾಕ ಫಾರಂನಾಗ ಜಾಗಾನೇ ಇಲ್ಲ."

"ಹಂಗಾದ್ರ ಮುರಿಯೋದು ಬಂದ್ ಮಾಡ್ರಿ," ಎಂದೆ.

"ಅದೂ ಆಗಂಗಿಲ್ರಿ."

ನನಗೆ ಸಿಟ್ಟು ನೆತ್ತಿಗೇರಿತು. "ಏಳು ವರ್ಷ ಮಸ್ಕತ್‌ನಾಗ ಟ್ಯಾಂಕರ್ ಹೊಡದೀನಿ! ರಮಜಾನ್ ತಿಂಗಳಾಗ, ಅಂಥಾ ಬಿಸಿಲಾಗ, ಮಂದಿ ಮುಂದ ಒಂದು ಗುಟುಕು ನೀರು ಕುಡದಿಲ್ಲ. ಕ್ಯಾಬಿನ್ ಪರದೆ ಎಳಕೊಂಡು ಬಗ್ಗಿ ಕುಡೀತಿದ್ದೆ. ಯಾಕ? ಅದು ಅವರ ರಿವಾಜು. ಪರದೇಶದಾಗ ಮಂದಿ ರಿವಾಜು ನಡಸಿದಾಂವ ನಾನು, ನನ್ನ ಊರಾಗ ನನ್ನ ಮನಿ ರಿವಾಜು ನಡಸಬಾರದೇನು?"

ಮೇಜು ಗುದ್ದಿದೆ. ಅವನ ಚಹಾ ಚೆಲ್ಲಿತು. ಇರ್ಫಾನ ಕರವಸ್ತ್ರ ತೆಗೆದು ನಿಧಾನವಾಗಿ ಒರೆಸಿದ.

"ಕಾಕಾ, ನಮ್ಮಾಗ ಬಡ್ಡಿ ಹರಾಮ್. ನನ್ನ ಪಗಾರದಾಗೂ ಮುರೀತಾರ, ಅದಕ್ಕೂ ಬಡ್ಡಿ ಕೂಡ್ತದ. ಹತ್ತು ವರ್ಷಾತು, ನಂದೇ ನನಗ ತಗಸಾಕ ಆಗಿಲ್ಲ. ನಿಮ್ಮದು ಹ್ಯಾಂಗ ತಗಸಲಿ?"

ಬೈಯಲು ನನಗೆ ಯಾರೂ ಉಳಿಯಲಿಲ್ಲ. ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

ಬಸ್ ನಿಲ್ದಾಣದಲ್ಲಿ ಊರಿಗೆ ಮರಳಲು ಬಸವಕಲ್ಯಾಣದ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ನಮ್ಮ ಪಕ್ಕದಲ್ಲೇ ನಿಂತು ಸಿಗರೇಟು ಹಚ್ಚಿದ.

"ಏ, ಆರಸೋ ಅದನ್ನ!" ಎಂದು ಗದರಿದೆ.

"ನಾ ಸೇದಿದ್ರ ನಿಮಗೇನು ಲುಕ್ಸಾನ್ರಿ ಯಜಮಾನ್ರ?"

ಬಾಯಿ ತೆರೆದೆ. ಮೀರಾಬಾಯಿ ನನ್ನ ತೋಳು ಹಿಡಿದಳು.

"ಸುಮ್ನಿರ್ರಿ. ನಮಗೆಲ್ಲಿ ಲುಕ್ಸಾನು? ಫಾಯಿದಾನೇ ಅದ."

ಹೊಗೆ ನಮ್ಮ ಕಡೆಗೇ ಬರುತ್ತಿತ್ತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳಲೂ ಇಲ್ಲ.