ಪಾಲು ಇಡಬಾರದ ಊಟ

ನಮ್ಮ ಮನೆಯಲ್ಲಿ ಹನ್ನೊಂದು ವರ್ಷ, ವರ್ಷಕ್ಕೊಮ್ಮೆ ಆಷಾಢದ ಮೊದಲ ವಾರದಲ್ಲಿ, ಒಂದು ಪರೀಕ್ಷೆ ನಡೆಯುತ್ತಿತ್ತು. ಪರೀಕ್ಷೆ ಮಾಡುವವರು ನಮ್ಮ ಯಜಮಾನರು, ಕೊಡುವವಳು ನಾನು. ಬರೆಯುವುದೇನೂ ಇಲ್ಲ, ಉಣ್ಣುವುದು ಅಷ್ಟೇ. ಹನ್ನೊಂದು ಸಲವೂ ನಾನು ಫೇಲಾದೆ.

ಅವರ ಹೆಸರು ಶಂಭುಲಿಂಗ. ಬಾಯಿಂದ ಹೇಳಿದ್ದು ಕಡಿಮೆ, ಬರೆಯುವುದಕ್ಕೆ ಅಡ್ಡಿಯಿಲ್ಲ. ಮಿಲಿಟರಿಯಲ್ಲಿ ಹವಾಲ್ದಾರರಾಗಿದ್ದರು. ಅವರ ಕಾಗದಗಳನ್ನು ಊರವರ ಕೈಯಲ್ಲಿ ಓದಿಸಿ ಓದಿಸಿ ನಾಚಿಕೆಯಾಗಿ, ಮೂವತ್ತೆಂಟನೆಯ ವಯಸ್ಸಿಗೆ ನಾನು ರಾತ್ರಿ ಶಾಲೆಗೆ ಹೋದೆ. ಐವತ್ತಕ್ಕೆ ಏಳನೆಯ ಇಯತ್ತೆ ಪಾಸು ಮಾಡಿದೆ. ಹಾಗಾಗಿ ಫೇಲು ಎಂದರೆ ನನಗೆ ಚುಚ್ಚುತ್ತಿತ್ತು.

ನಮ್ಮೂರು ಹಾನಗಲ್ಲ ತಾಲೂಕಿನಲ್ಲಿ, ವರದಾ ಹೊಳೆಯ ದಂಡೆಗೆ. ಹೊಳೆ ಏರಿತೆಂದರೆ ರಸ್ತೆ ಮುಳುಗುತ್ತದೆ. ಎರಡು ದಿನ, ಮೂರು ದಿನ ಯಾರೂ ಬರುವಂತಿಲ್ಲ, ಹೋಗುವಂತಿಲ್ಲ. ನಿವೃತ್ತರಾಗಿ ಬಂದ ಮೇಲೆ ಅವರು ಇದೊಂದನ್ನು ಹಚ್ಚಿಕೊಂಡರು. ಹಸಿರು ಬಣ್ಣದ ತಗಡಿನ ಪೆಟ್ಟಿಗೆ, ಅದರಲ್ಲಿ ಜವಾನರು ಉಣ್ಣುವಂಥ ತಯಾರಿ ಊಟದ ಒಂದು ಪ್ಯಾಕು. ಒಂದನ್ನು ಉಂಡ ಮೇಲೆ ಪರಿಚಯದವರಿಂದ ಹೊಸದನ್ನು ತಂದಿಡುತ್ತಿದ್ದರು. ಬೆಳ್ಳಿ ಬಣ್ಣದ ಪಾಕೀಟಿನಲ್ಲಿ ಪುಲಾವು, ಇನ್ನೊಂದರಲ್ಲಿ ಬೇಳೆ, ಮತ್ತೊಂದರಲ್ಲಿ ಸಜ್ಜಕ. ಜೊತೆಗೆ ಮಡಚುವ ಅಂಗೈಯಗಲದ ತಗಡಿನ ಒಲೆ, ನಾಲ್ಕು ಬಿಳಿ ಗುಳಿಗೆ. ಗುಳಿಗೆಗೆ ಕಡ್ಡಿ ಗೀರಿದರೆ ಹೊಗೆಯಿಲ್ಲದೆ ಉರಿಯುತ್ತದೆ. ಒಂದು ಮಗ್ಗು ನೀರು ಕಾಯಿಸಿ ಪಾಕೀಟನ್ನು ಹತ್ತು ನಿಮಿಷ ಮುಳುಗಿಸಿಟ್ಟರೆ ಊಟ ಸಿದ್ಧ.

ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಅವರು ಶುರು ಮಾಡುವರು.

"ಸುಶೀಲಾ, ಹೊಳಿ ಬಂದೈತಿ. ಗ್ಯಾಸ್ ಇಲ್ಲ, ಕಟ್ಟಿಗಿ ತೊಯ್ದಾವು. ಏನ್ ಮಾಡ್ತಿ?"

"ಹೊಳಿ ದಾಟಿ ಬಂದಿದ್ರ ಮೊದಲು ಕಾಲು ಒರಸ್ಕೊರಿ. ಈಗರ ಸಾರಿಸೇನಿ."

"ಚಾಷ್ಟಿ ಬ್ಯಾಡ. ಪೆಟ್ಟಿಗಿ ತಗಿ. ನಾನು ಆಚೆ ದಂಡ್ಯಾಗ ಸಿಕ್ಕೊಂಡೇನಿ ಅಂತ ತಿಳ್ಕೊ."

ಹೀಗೆಂದು ಹಿತ್ತಲಿಗೆ ಹೋಗಿ ಬಣವೆಯ ಮರೆಯಲ್ಲಿ ಒಂದು ತಾಸು ಬೀಡಿ ಸೇದುತ್ತ ಕೂಡುವರು. ನಾನು ಒಲೆ ಬಿಚ್ಚಿ, ಗುಳಿಗೆ ಹಚ್ಚಿ, ಎಲ್ಲ ಅವರು ಕಲಿಸಿದಂತೆಯೇ ಮಾಡುತ್ತಿದ್ದೆ. ಅರ್ಧ ನಾನು ಉಂಡು ಅರ್ಧವನ್ನು ತಾಟಿನಲ್ಲಿ ಮುಚ್ಚಿ ಇಡುತ್ತಿದ್ದೆ. ಅವರು ಒಳಗೆ ಬಂದು ಮುಚ್ಚಳ ಎತ್ತಿ ನೋಡುವರು.

"ಇದೇನು?"

"ನಿಮ್ಮ ಪಾಲು."

"ಫೇಲ್."

ಮತ್ತೆ ಆ ದಿನವೆಲ್ಲ ಮಾತಿಲ್ಲ. ವರ್ಷದಲ್ಲಿ ನಮ್ಮ ಜಗಳ ಅದೊಂದೇ. ಅಬಲೂರಿನ ನನ್ನ ತವರಿನಲ್ಲಿ ಅಪ್ಪ ಸಂತೆಗೆ ಹೋಗಿ ಮರುದಿನ ಬರಲಿ, ಅವನ ರೊಟ್ಟಿ ಬುಟ್ಟಿಯಲ್ಲಿ ಮುಚ್ಚಿಯೇ ಇರುತ್ತಿತ್ತು. ಅವ್ವನ ಕೈ ನೋಡಿ ಬೆಳೆದವಳು ನಾನು. ಗಂಡನ ಪಾಲು ತೆಗೆದಿಡದೆ ತುತ್ತು ಎತ್ತುವುದು ಹೇಗೆ? ಒಂದು ವರ್ಷ ಕೇಳಿಯೇ ಬಿಟ್ಟೆ.

"ಗಂಡನ್ನ ಬಿಟ್ಟು ತಿಂದಾಕಿ ಅಂತ ಅನಸ್ಕೊಳ್ಲೇನು?"

"ಯಾರು ಅಂತಾರ? ಸುತ್ತ ನೀರು ನಿಂತೈತಿ. ನಿನ್ನ ನೋಡಾಕ ಒಂದು ನರಪಿಳ್ಳಿ ಇಲ್ಲ."

"ನಾ ಅದೀನಲ್ಲರಿ ನೋಡಾಕ."

ಪಾಲು ಯಾಕೆ ಇಡಬಾರದು ಎಂದು ಅವರು ಯಾವತ್ತೂ ಹೇಳಲಿಲ್ಲ. ತಣ್ಣಗಾದ ಪುಲಾವನ್ನು ಮುಖ ತಿರುಗಿಸಿಕೊಂಡು ಉಂಡರು.

ಹೋದ ದೀಪಾವಳಿಗೆ ಮುಂಚೆ, ಹೊಲದ ಬದುವಿನ ಮೇಲೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಹನ್ನೊಂದನೆಯ ದಿನ ಹಿರೇಕೆರೂರಿನ ನನ್ನ ನಾದಿನಿ ಕರ್ಪೂರ ಹುಡುಕುತ್ತ ಹೋಗಿ ಹಸಿರು ಪೆಟ್ಟಿಗೆಯ ಬಿಳಿ ಗುಳಿಗೆ ತಂದು ಆರತಿಯ ತಟ್ಟೆಯಲ್ಲಿಟ್ಟು ಹಚ್ಚಿದಳು. ಸಣ್ಣ ನೀಲಿ ಉರಿ, ವಾಸನೆಯಿಲ್ಲ. ಆರುವ ಲಕ್ಷಣವೇ ಇಲ್ಲ. ಅಯ್ಯನವರು ಮಂತ್ರ ಮುಗಿಸಿ, ಉರಿ ಇನ್ನೂ ನಿಂತಿದೆ ಎಂದು ಮತ್ತೆ ಮೊದಲಿನಿಂದ ಹೇಳಿದರು.

"ಭಾಳ ಚಲೋ ಕರ್ಪೂರ ಬಿಡವಾ, ಎಲ್ಲಿಂದ ತಂದಿ?" ಎಂದು ನೆರೆಮನೆಯ ಮಂಜವ್ವ ನಾದಿನಿಯನ್ನು ಕೇಳಿದಳು.

ನನಗೆ ಗೊತ್ತಿತ್ತು. ಅವರ ಫೋಟೋದ ಮುಂದೆ ಅವರದೇ ಗುಳಿಗೆ ಉರಿಯುತ್ತಿದೆ, ಉರಿಯಲಿ ಎಂದುಕೊಂಡೆ. ನಾಲ್ಕೂ ಅಂದೇ ತೀರಿದವು.

ಆ ಮೇಲೆ ರೊಟ್ಟಿಯನ್ನು ನಾಲ್ಕರಿಂದ ಎರಡಕ್ಕೆ ಇಳಿಸಿದೆ. ಆದರೆ ಆ ಎರಡರಲ್ಲಿಯೂ ಒಂದು ಅವರದೇ. ಬುಟ್ಟಿಯಲ್ಲಿ ಮುಚ್ಚಿಟ್ಟು, ಸಂಜೆ ಗೋಡೆಯಾಚೆ ಮಂಜವ್ವನ ಎಮ್ಮೆಗೆ ಕೊಡುತ್ತಿದ್ದೆ. ನನ್ನ ಬಳೆಯ ಸಪ್ಪಳಕ್ಕೇ ಅದು ಕತ್ತು ಚಾಚುವುದನ್ನು ಕಲಿಯಿತು.

"ಸುಶೀಲಕ್ಕ, ನಿನ್ನ ರೊಟ್ಟಿ ತಿಂದು ನಮ್ಮ ಎಮ್ಮಿ ಮಿಲಿಟ್ರಿಗೆ ಸೇರತೈತಿ ನೋಡ" ಎನ್ನುವಳು ಮಂಜವ್ವ. "ನೀ ಒಂದು ದಿನ ಗಾಳಿಗೆ ಹಾರಿ ಹೊಕ್ಕಿ."

ಈ ವರ್ಷ ಆಷಾಢ ಬಂದು ಹೋಯಿತು. ಪೆಟ್ಟಿಗೆ ತೆಗೆಯಲಿಲ್ಲ. ಹೊಳೆಯೂ ಏರಲಿಲ್ಲ. ಆಗಸ್ಟ್ ಕೊನೆಯ ವಾರ ಇರುವೆಗೆಂದು ಅರಿಷಿಣ ಉದುರಿಸಲು ಪೆಟ್ಟಿಗೆ ತೆಗೆದಾಗ, ಪ್ಯಾಕಿನ ಮೇಲೆ ಅವರು ಕೆಂಪು ಶಾಯಿಯಲ್ಲಿ ಬರೆದದ್ದು ಕಂಡಿತು. "ಆಗಸ್ಟ್ ಮುಗಿಯುವುದರೊಳಗೆ ಉಣ್ಣುವುದು." ಅವರು ನನಗೆ ಬರೆದ ಕೊನೆಯ ಕಾಗದ ಇದೇ ಎಂದು ಆಗ ಹೊಳೆಯಿತು. ಇಟ್ಟುಕೊಂಡರೆ ಕೆಡುತ್ತದೆ. ಉಂಡರೆ ಪೆಟ್ಟಿಗೆ ಬರಿದಾಗುತ್ತದೆ. ಮೂರು ದಿನ ಪೆಟ್ಟಿಗೆಯ ಸುತ್ತಲೇ ತಿರುಗಿದೆ.

ಗ್ಯಾಸಿನ ಮೇಲೆ ಕಾಯಿಸಬಹುದಿತ್ತು. ಆದರೆ ಗ್ಯಾಸ್ ಇಲ್ಲ ಎಂದೇ ಪರೀಕ್ಷೆಯ ಮೊದಲ ಮಾತು. ಒಬ್ಬರೇ ಇದ್ದೇವೆಂದು ಕಾಪಿ ಹೊಡೆಯಬಾರದು. ಗುಳಿಗೆ ಇರುವ ಒಬ್ಬರೇ ಒಬ್ಬರು ನೆನಪಾದರು, ತಡಸದ ಗುದ್ಲೆಪ್ಪ. ಯಜಮಾನರ ಜೊತೆ ಒಂದೇ ಪಲ್ಟನ್ನಿನಲ್ಲಿ ಇದ್ದವರು. ಈಗ ತಡಸ ಕ್ರಾಸಿನಲ್ಲಿ ಲಾರಿ ತೂಗುವ ಕಾಟಾದ ಕಾವಲಿಗಿದ್ದಾರೆ. ಬೆಳಗಿನ ಚಹಾವನ್ನು ಅದೇ ಗುಳಿಗೆಯಲ್ಲಿ ಕಾಯಿಸಿಕೊಳ್ಳುತ್ತಾರೆ.

ಮೂವತ್ತನೆಯ ತಾರೀಖು ಪ್ಯಾಕನ್ನೂ ತಗಡಿನ ಒಲೆಯನ್ನೂ ಕೈಚೀಲದಲ್ಲಿಟ್ಟುಕೊಂಡು ಹೊರಟೆ. ಗುದ್ಲೆಪ್ಪನವರಿಗೆಂದು ಹಾನಗಲ್ಲ ಬಸ್‌ಸ್ಟ್ಯಾಂಡಿನಲ್ಲಿ ಸವಣೂರ ಖಾರಾ ಕಟ್ಟಿಸಿಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ. ಪಕ್ಕದ ಸೀಟು ಖಾಲಿ ಇತ್ತು. ಅಲ್ಲಿ ಚೀಲ ಇಟ್ಟೆ. ಹೋದ ವರ್ಷ ಇದೇ ದಾರಿಯಲ್ಲಿ ಅವರು ಕಿಟಕಿಗೆ ಕುಳಿತು ಎಲ್ಲ ಹೊಲಗಳ ಗೋವಿನಜೋಳಕ್ಕೂ ಕೊಂಕು ತೆಗೆದಿದ್ದರು.

ಗುದ್ಲೆಪ್ಪ ಕಾಟಾದ ಕಟ್ಟೆಯ ಮೇಲೆ ಕುಳಿತಿದ್ದರು. ಲಾರಿ ಒಂದೂ ಇರಲಿಲ್ಲ.

"ಬರ್ರಿ ವೈನಿ, ಬರ್ರಿ. ಹಂಗ ಕಾಟಾದ ಮ್ಯಾಲಿಂದ ಬರ್ರಿ, ತೂಕಾ ನೋಡೋಣು."

ನಾನು ಕಬ್ಬಿಣದ ಹಲಗೆಯ ನಡುವೆ ನಿಂತೆ. ಒಳಗಿನ ಡಬ್ಬಿಯಲ್ಲಿ ಕೆಂಪು ಅಂಕಿ ಓಡಿ ನಿಂತಿತು. ಅವರು ಅದನ್ನು ಬಹಳ ಹೊತ್ತು ನೋಡಿದರು.

"ಹೋದ ವರ್ಷ ಇಬ್ಬರೂ ಕೂಡಿ ನಿಂತಾಗ ನೂರಾ ಇಪ್ಪತ್ತು ತೋರಿಸಿತ್ರಿ. ಅಣ್ಣ ಎಪ್ಪತ್ತು ಅಂತ ಹಿಡೀರಿ. ಈಗ ನಲ್ವತ್ತು ತೋರಿಸಾಕತ್ತೈತಿ. ಆ ಹತ್ತು ಎಲ್ಲಿ ಹೋತ್ರಿ?"

"ನಿಮ್ಮ ಕಾಟಾನ ಸುಳ್ಳು ಇರಬೇಕು."

"ಲಾರಿಯವರೂ ಇದನ್ನ ಅಂತಾರ" ಎಂದು ಅವರು ಸಣ್ಣಗೆ ನಕ್ಕರು.

ಬಂದ ಕೆಲಸ ಹೇಳಿದೆ. ಪ್ಯಾಕು ತೆಗೆದು ತೋರಿಸಿದೆ. ಅವರು ಅದನ್ನು ಕೈಯಲ್ಲಿ ಹಿಡಿಯಲಿಲ್ಲ. ಒಳಗಿನಿಂದ ಎರಡು ಗುಳಿಗೆ, ಒಂದು ಮಗ್ಗು ನೀರು ತಂದು ಕೊಟ್ಟು ದೂರ ಸರಿದು ಕುಳಿತರು. ನಾನು ಒಲೆ ಬಿಚ್ಚಿ ಗಾಳಿಗೆ ಬೆನ್ನು ಕೊಟ್ಟು ಕಡ್ಡಿ ಗೀರಿದೆ. ನೀರು ಕಾದ ಮೇಲೆ ಮೊದಲು ಪುಲಾವು, ಆ ಮೇಲೆ ಬೇಳೆ, ಕೊನೆಗೆ ಸಜ್ಜಕ. ಪಾಕೀಟು ಹರಿದಾಗ ಲವಂಗದ, ಹಳೆಯ ಎಣ್ಣೆಯ ವಾಸನೆ ಬಂತು. ಗುದ್ಲೆಪ್ಪನವರ ಊಟದ ಡಬ್ಬಿಯ ಮುಚ್ಚಳದಲ್ಲಿ ಎಲ್ಲ ಬಡಿಸಿಕೊಂಡು, ಚಮಚೆಯಿಂದ ನಡುವೆ ಒಂದು ಗೆರೆ ಎಳೆದೆ.

"ಆ ಅರ್ಧ ಯಾರಿಗಿ?" ಎಂದರು ಗುದ್ಲೆಪ್ಪ.

"ನೀವು ಉಣ್ರಿ. ಅವರ ಕೂಡ ಇದ್ದವರು."

"ಬ್ಯಾಡ್ರಿ ವೈನಿ. ಆ ವಾಸನಿ ಮೂಗಿಗಿ ಬಿದ್ರ ನನಗ ಎಂಟು ದಿನ ನಿದ್ದಿ ಬರಂಗಿಲ್ಲ." ನಾನು ಕೊಟ್ಟ ಖಾರಾದ ಪೊಟ್ಟಣವನ್ನು ಕೈಗೆತ್ತಿಕೊಂಡು ಕೇಳಿದರು, "ಅಣ್ಣ ನಿಮಗ ಶಿಂದೇ ಸುದ್ದಿ ಹೇಳಿಲ್ಲೇನ್ರಿ?"

ಇಲ್ಲ ಎಂದೆ. ಅವರು ರಸ್ತೆಯ ಕಡೆಗೆ ನೋಡುತ್ತ ಹೇಳಿದರು.

"ಬರ್ಫದ ಮ್ಯಾಲ ಒಂದು ಚೌಕಿ. ಅಲ್ಲಿ ಇಬ್ಬರ, ಅಣ್ಣ ಮತ್ತ ಸಾತಾರಾ ಕಡೆ ಶಿಂದೆ. ಸೀಮಿಎಣ್ಣಿ ತರಾಕ ಅಂತ ಅಣ್ಣ ಕೆಳಗ ನಮ್ಮಲ್ಲಿಗಿ ಇಳದು ಬಂದ. ಹಿಂದ ದಾರಿ ಮುಚ್ಚಿಬಿಡ್ತು. ಹನ್ನೊಂದು ದಿನ ಬರ್ಫ ಬಿತ್ತು. ಮತ್ತ ನಾವು ಅಗಕೋತ ಮ್ಯಾಲ ಹೋದ್ವಿ." ಅವರು ಖಾರಾದ ಪೊಟ್ಟಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. "ಶಿಂದೆ ತನ್ನ ಪಾಲಿಂದು ತಿಂದು ಮುಗಿಸಿದ್ದ. ಖಾಲಿ ಪಾಕೀಟು ಮಡಚಿ ಇಟ್ಟಿದ್ದ. ಅವನ ಬಾಜೂಕ ನಾಲ್ಕು ಪಾಕೀಟು ಸಾಲಾಗಿ ಇದ್ವು, ಒಡದಿರಲಿಲ್ಲ. ಅವು ಅಣ್ಣನ ಪಾಲು. ಜೋಡಿದಾರ ಬರ್ತಾನ ಅಂತ ಇಟ್ಟಿದ್ದ."

"ಶಿಂದೆ?"

"ಇರಲಿಲ್ರಿ. ಆಗಲೇ ಹೋಗಿದ್ದ."

ಒಂದು ಲಾರಿ ಬಂತು. ಗುದ್ಲೆಪ್ಪ ಎದ್ದು ಹೋಗಿ ತೂಗಿ, ಚೀಟಿ ಕೊಟ್ಟು ಬಂದರು. ಅಷ್ಟು ಹೊತ್ತೂ ನಾನು ಮುಚ್ಚಳದಲ್ಲಿನ ಗೆರೆಯನ್ನೇ ನೋಡುತ್ತಿದ್ದೆ. ಹನ್ನೊಂದು ವರ್ಷ ಅವರು ಬಣವೆಯ ಮರೆಯಲ್ಲಿ ಕುಳಿತು ಏನನ್ನು ಕಾಯುತ್ತಿದ್ದರು, ಮುಚ್ಚಳ ಎತ್ತಿದಾಗಲೆಲ್ಲ ಏನನ್ನು ಕಾಣುತ್ತಿದ್ದರು ಎಂಬುದು ಈಗ ತಿಳಿಯಿತು. ನಾನು ಪ್ರೀತಿಯಿಂದ ಮುಚ್ಚಿಟ್ಟ ತಾಟು ಅದು. ಒಂದು ಮಾತು ಹೇಳಿದ್ದರೆ ನಾನು ಉಂಡುಬಿಡುತ್ತಿದ್ದೆ. ಅಥವಾ ಇಲ್ಲವೇನೋ. ಹೇಳಿದ್ದರೂ, ಶಿಂದೆಯ ಹೆಂಡತಿ ಹೇಗಿದ್ದಾಳೋ ಎಂದು ಕೇಳುತ್ತ ಅರ್ಧ ಮುಚ್ಚಿಯೇ ಇಡುತ್ತಿದ್ದೆನೇನೋ.

"ಗೆರಿ ಅಳಸ್ರಿ ವೈನಿ" ಎಂದರು ಗುದ್ಲೆಪ್ಪ.

ಅಳಿಸಿದೆ. ಚಮಚೆ ಹಿಡಿದು ಉಣ್ಣತೊಡಗಿದೆ. ರುಚಿಯ ಮಾತು ಬೇಡ. ಅನ್ನ ಬೆಂದು ಬೆಂದು ಹಿಟ್ಟಾಗಿತ್ತು, ಬೇಳೆಗೆ ಉಪ್ಪು ಹೆಚ್ಚು. ಅರ್ಧದ ತನಕ ಕೈ ಸರಾಗ ಹೋಯಿತು. ಗೆರೆ ಇದ್ದ ಜಾಗಕ್ಕೆ ಬಂದಾಗ ನಿಂತಿತು. ಗೆರೆ ಅಲ್ಲಿಲ್ಲ, ಆದರೆ ಕೈಗೆ ಗೊತ್ತಿತ್ತು. ಹತ್ತು ತಿಂಗಳಿಂದ ಒಂದು ರೊಟ್ಟಿಗೆ ಒಗ್ಗಿದ ಹೊಟ್ಟೆ ಸಾಕು ಎಂದಿತು.

ಗುದ್ಲೆಪ್ಪ ನನ್ನ ಕಡೆ ನೋಡಲಿಲ್ಲ. "ಉಣ್ರಿ" ಎಂದರು.

ಒಂದು ಚಮಚೆ ಉಂಡೆ.

"ಉಣ್ರಿ."

ಹೀಗೆ ಅವರು ರಸ್ತೆಗೆ ಹೇಳುತ್ತಿದ್ದಂತೆ ಹೇಳುತ್ತ ಹೋದರು, ನಾನು ಉಣ್ಣುತ್ತ ಹೋದೆ. ಸಜ್ಜಕದ ಕೊನೆಯ ಚೂರನ್ನು ಬೆರಳಿನಿಂದ ಬಳಿದೆ. ಮುಚ್ಚಳ ತೊಳೆದು ಆ ನೀರನ್ನೂ ಕುಡಿದೆ, ನಮ್ಮಲ್ಲಿ ಪ್ರಸಾದ ಮುಗಿಸುವುದೇ ಹಾಗೆ. ಆ ಮೇಲೆ ಬಣವೆಯ ಕಡೆಯಿಂದ ಯಾರೋ ಬರಬೇಕು, ಮುಚ್ಚಳ ಎತ್ತಿ ನೋಡಬೇಕು ಎಂದು ಕಾದಂತೆ ಬರಿದಾದ ಮುಚ್ಚಳವನ್ನು ಮುಂದಿಟ್ಟುಕೊಂಡು ಕುಳಿತೆ. ಪಾಸಾಯಿತೆಂದು ಹೇಳುವವರು ಯಾರೂ ಇರಲಿಲ್ಲ. ಗುದ್ಲೆಪ್ಪ ಅದು ತನ್ನ ಅಧಿಕಾರವಲ್ಲ ಎಂಬಂತೆ ಖಾರಾದ ಪೊಟ್ಟಣ ಬಿಚ್ಚಿ ಶೇಂಗಾ ಆರಿಸತೊಡಗಿದ್ದರು.

"ಮತ್ತ ಬರ್ರಿ ವೈನಿ. ತೂಕಾ ನೋಡೋಣು."

"ಬರ್ತೇನಿ" ಎಂದೆ. ಬರುವೆನೋ ಇಲ್ಲವೋ ಇಬ್ಬರಿಗೂ ಗೊತ್ತಿರಲಿಲ್ಲ.

ಖಾಲಿ ಪಾಕೀಟುಗಳನ್ನು ಮಡಚಿ ಚೀಲದಲ್ಲಿಟ್ಟುಕೊಂಡು ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಾಕೀಟುಗಳನ್ನು ಪೆಟ್ಟಿಗೆಯಲ್ಲಿಡಲು ಹೋದವಳು, ಶಿಂದೆಯೂ ಹೀಗೆಯೇ ಮಡಚಿ ಇಟ್ಟಿದ್ದನಲ್ಲ ಎಂದು ನೆನೆದು, ಕಸದ ಬುಟ್ಟಿಗೆ ಹಾಕಿದೆ. ಕೆಂಪು ಶಾಯಿಯ ಚೂರನ್ನು ಮಾತ್ರ ಕತ್ತರಿಸಿಕೊಂಡೆ.

ಹಸಿವಿರಲಿಲ್ಲ. ಆದರೂ ಒಲೆಯ ಮುಂದೆ ಕುಳಿತು ಹಿಟ್ಟು ನಾದಿದೆ. ಎರಡು ರೊಟ್ಟಿಯ ಹಿಟ್ಟು ಕೈಗೆ ತಾನಾಗಿಯೇ ಬಂದಿತ್ತು. ಎರಡನ್ನೂ ಬಡಿದೆ, ಎರಡನ್ನೂ ಬೇಯಿಸಿದೆ. ಒಂದನ್ನು ಬುಟ್ಟಿಯಲ್ಲಿಟ್ಟು ಮುಚ್ಚಿದೆ. ಮತ್ತೆ ಮುಚ್ಚಳ ತೆಗೆದೆ. ಶೇಂಗಾ ಚಟ್ನಿ ಹಚ್ಚಿಕೊಂಡು, ಒಂದೊಂದೇ ಚೂರು ಮುರಿದು, ಎರಡನ್ನೂ ಉಂಡೆ. ಬಹಳ ಹೊತ್ತು ಹಿಡಿಯಿತು. ಪ್ರತಿ ತುತ್ತಿಗೂ ಉಣ್ಣು ಎಂದು ನಾನೇ ಹೇಳಿಕೊಳ್ಳಬೇಕಾಯಿತು.

ಕೈ ತೊಳೆಯಲು ಹಿತ್ತಲಿಗೆ ಹೋದಾಗ ಬಳೆ ಸಪ್ಪಳವಾಯಿತು. ಗೋಡೆಯ ಮೇಲೆ ಎಮ್ಮೆಯ ಮುಖ ಬಂತು. ಅದು ಇನ್ನೂ ಕಾಯುತ್ತಿತ್ತು. ಎರಡೂ ಕೈ ಬಿಚ್ಚಿ ತೋರಿಸಿದೆ. ಅದು ಒದ್ದೆ ಕೈಗಳನ್ನು ಒಂದೊಂದಾಗಿ ಮೂಸಿತು, ನನ್ನ ಹಿಂದೆ ಬಾಗಿಲ ಕಡೆಗೆ ನೋಡಿತು, ಅಲ್ಲಿಯೇ ನಿಂತಿತು.